ಸಂಪಾದಕರ ಉತ್ತರ: ಕೊನೆಗೂ ಆಸ್ತಿ ಜಗಳವೇನಾ?

ಬನಶಂಕರಿಯ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ಹಳೇ ಬಂಗಲೆ ಸಿನಿಮಾಗಳಿಗೆ ಐದು ಪುಟ ಕೊಟ್ಟಿದ್ದೀರಿ. ನಿಮ್ಮ ಮಾತು ನಂಬಿ ಪಿಯುಸಿ ಓದುವ ಮಗಳ ಜೊತೆ ಕೂತು ‘ಗ್ಯಾಸ್‌ಲೈಟ್’ ಮತ್ತು ‘ವೋ ಕೌನ್ ಥೀ’ ನೋಡಿದೆ. ಅವಳು ಒಂದು ಸಲವೂ ಬೆಚ್ಚಲಿಲ್ಲ. ಬಾಗಿಲು ಕಿರ್ ಅನ್ನುತ್ತದೆ, ದೀಪ ಮಂಕಾಗುತ್ತದೆ, ಕೊನೆಗೆ ದೆವ್ವವೇ ಇಲ್ಲ. ಒಂದರಲ್ಲಿ ಗಂಡನಿಗೆ ಒಡವೆ ಬೇಕು, ಇನ್ನೊಂದರಲ್ಲಿ ನೆಂಟನಿಗೆ ಆಸ್ತಿ ಬೇಕು. ‘ಇದಕ್ಕೆ ಇಷ್ಟು ಬಿಲ್ಡಪ್ಪಾ ಅಪ್ಪಾ?’ ಅಂದಳು. ನಿಮಗೆ ಇವು ಹಿಡಿಸುವುದು ಸುಮ್ನೆ ಹಳೇದು ಅನ್ನುವ ಮೋಹಕ್ಕಲ್ವಾ?”

ಸ್ವಾಮಿ, ಬೆಚ್ಚುವ ವಿಚಾರದಲ್ಲಿ ನಾನು ನಿಮ್ಮ ಮಗಳ ಪಕ್ಷ. ಕನ್ನಡಿಯಲ್ಲಿ ತಟ್ಟನೆ ಮುಖ ತೋರಿಸಿ ಕುರ್ಚಿಯಿಂದ ಎಬ್ಬಿಸುವ ಕೆಲಸವನ್ನು ಈಗಿನವರು ಚೆನ್ನಾಗಿ ಮಾಡುತ್ತಾರೆ. ಅದಕ್ಕೆ 1944ರ ಸಿನಿಮಾ ಹುಡುಕಿಕೊಂಡು ಹೋಗಬೇಕಿಲ್ಲ. ಮೋಹದ ಮಾತಿಗೂ ಒಂದು ಉತ್ತರ: ಈ ಜಾತಿಯ ಹಳೇ ಸಿನಿಮಾಗಳಲ್ಲಿ ಮುಕ್ಕಾಲು ಪಾಲು ನನಗೂ ಬೇಡ. ದಾರಕ್ಕೆ ಕಟ್ಟಿದ ಬಾವಲಿ ಎಷ್ಟು ಅಂತ ನೋಡುವುದು? ಆದರೆ ಆ ಆಸ್ತಿ ವಿಷಯವಿದೆಯಲ್ಲ, ನಿಮಗೆ ಸಪ್ಪೆ ಅನ್ನಿಸಿದ್ದು, ನಾನು ಇವನ್ನು ನೋಡುವುದೇ ಅದಕ್ಕೆ. (ಇಲ್ಲಿಂದ ಮುಂದೆ ಕೆಲವು ಗುಟ್ಟು ಬಯಲಾಗುತ್ತವೆ. ನೋಡಬೇಕು ಅಂದುಕೊಂಡವರು ಪುಟ ತಿರುಗಿಸಿ.)

‘ಗ್ಯಾಸ್‌ಲೈಟ್’ ಅನ್ನೇ ತೆಗೆದುಕೊಳ್ಳಿ. ಗಂಡ ಸಂಜೆ ಹೊರಗೆ ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಹೆಂಡತಿಯ ಕೋಣೆಯ ಗ್ಯಾಸ್ ದೀಪ ತಾನಾಗಿ ಸಣ್ಣಗಾಗುತ್ತದೆ. ಬೀಗ ಜಡಿದ ಅಟ್ಟದಲ್ಲಿ ಹೆಜ್ಜೆ ಸಪ್ಪಳ. ಕೆಲಸದವರಿಗೆ ಏನೂ ಕಂಡಿಲ್ಲ, ಕೇಳಿಲ್ಲ. ‘ನಿನಗೆ ತಲೆ ಸರಿಯಿಲ್ಲ’ ಅನ್ನುತ್ತಾನೆ ಗಂಡ, ತುಂಬ ಪ್ರೀತಿಯಿಂದ. ದೀಪ ಯಾಕೆ ಸಣ್ಣಗಾಯಿತು? ಮನೆಗೆಲ್ಲ ಒಂದೇ ಗ್ಯಾಸ್ ಪೈಪು. ಬೇರೆ ಕಡೆ ಇನ್ನೊಂದು ದೀಪ ಹಚ್ಚಿದರೆ ಇಲ್ಲಿ ಒತ್ತಡ ಇಳಿಯುತ್ತದೆ. ಮೇಲಿನ ಮನೆಯವರು ನಲ್ಲಿ ತಿರುಗಿಸಿದರೆ ಕೆಳಗೆ ನಮ್ಮ ನಲ್ಲಿ ಸಣ್ಣಗಾಗುತ್ತದಲ್ಲ, ಹಾಗೆ. ಅಂದರೆ ಅಟ್ಟದಲ್ಲಿ ಯಾರೋ ದೀಪ ಹಚ್ಚಿದ್ದಾರೆ. ಅವಳನ್ನು ಹೆದರಿಸಿದ್ದು ಯಾವುದೋ, ಅವಳ ಪರ ಸಾಕ್ಷಿಯೂ ಅದೇ. ಪತ್ತೇದಾರನೊಬ್ಬ ಬಂದು ‘ಹೌದಮ್ಮ, ದೀಪ ಮಂಕಾಯಿತು, ನನಗೂ ಕಾಣಿಸಿತು’ ಅಂದಾಗ ಇಂಗ್ರಿಡ್ ಬರ್ಗ್‌ಮನ್ ಮುಖ ನೋಡಿ. ಆಸ್ಕರ್ ಕೊಟ್ಟಿದ್ದು ಸುಮ್ಮನೆ ಅಲ್ಲ.

ನಿಮ್ಮ ಮಗಳಿಗೆ ಈ ದೀಪದ ಸುಳಿವು ತಟ್ಟದೇ ಹೋಗಿದ್ದರೆ ಅದು ಅವಳ ತಪ್ಪಲ್ಲ. ನಮ್ಮ ಬೆಂಗಳೂರಿನ ಬೀದಿಗಳಿಗೆ 1905ರಲ್ಲೇ ಶಿವನಸಮುದ್ರದ ಕರೆಂಟು ಬಂತು. ಲಂಡನ್ನಿನ ಗ್ಯಾಸ್ ಪೈಪಿನ ಮನೆ ನಮಗೆ ಪರಿಚಯವಿಲ್ಲ.

ಈಗ ಅವಳು ನೋಡಿದ ಎರಡನ್ನೂ ಅಕ್ಕಪಕ್ಕ ಇಡಿ. ‘ಗ್ಯಾಸ್‌ಲೈಟ್’ನಲ್ಲಿ ಮನೆ ಹೆಂಡತಿಯದು, ಅವಳ ಚಿಕ್ಕಮ್ಮನಿಂದ ಬಂದದ್ದು. ಅವಳನ್ನು ಹುಚ್ಚಿ ಅಂತ ಆಸ್ಪತ್ರೆಗೆ ಸೇರಿಸಿಬಿಟ್ಟರೆ ಗಂಡ ಒಡವೆಗಾಗಿ ಅಟ್ಟವನ್ನೆಲ್ಲ ಆರಾಮಾಗಿ ಜಾಲಾಡಬಹುದು. ಇಪ್ಪತ್ತು ವರ್ಷದ ನಂತರ, 1964ರಲ್ಲಿ, ರಾಜ್ ಖೋಸ್ಲಾ ಅವರ ‘ವೋ ಕೌನ್ ಥೀ’ಯಲ್ಲಿ ಗಂಡಸಿಗೇ ಆ ಗತಿ. ಅವನ ತಲೆ ಕೆಟ್ಟಿದೆ ಅಂತ ಸಾಬೀತಾದರೆ ಆಸ್ತಿ ಇನ್ನೊಬ್ಬನ ಪಾಲು. ಅದಕ್ಕೇ ಮಳೆಯಲ್ಲಿ ಬಿಳಿ ಸೀರೆ, ಅದಕ್ಕೇ ಹಾಡು. ಇನ್ನೂ ಹಿಂದೆ ಹೋದರೆ 1927ರ ಮೂಕಿ ಚಿತ್ರ ‘ದಿ ಕ್ಯಾಟ್ ಅಂಡ್ ದಿ ಕೆನರಿ’. ಜರ್ಮನಿಯಿಂದ ಹಾಲಿವುಡ್ಡಿಗೆ ಬಂದ ಪಾಲ್ ಲೆನಿ ಮಾಡಿದ್ದು. ಮುದುಕ ಸತ್ತು ಇಪ್ಪತ್ತು ವರ್ಷಕ್ಕೆ, ನಡುರಾತ್ರಿ, ಉಯಿಲು ಓದುತ್ತಾರೆ. ಆಸ್ತಿಯೆಲ್ಲ ಒಬ್ಬ ಹುಡುಗಿಗೆ, ಆದರೆ ಅವಳ ತಲೆ ಸರಿಯಿದೆ ಅಂತ ಡಾಕ್ಟರ್ ಹೇಳಬೇಕು. ಆ ಒಂದು ಸಾಲು ಉಯಿಲಿನಲ್ಲಿ ಇದ್ದ ಮೇಲೆ ಆ ರಾತ್ರಿ ಅವಳನ್ನು ಯಾರು ನೆಮ್ಮದಿಯಾಗಿ ಮಲಗಲು ಬಿಡುತ್ತಾರೆ?

ಇದು ಸಿನಿಮಾದವರ ಕಂಡುಹಿಡಿತವಲ್ಲ. ಈ ಬಗೆಯ ಕಥೆಗಳಿಗೆಲ್ಲ ಅಜ್ಜ ಅನ್ನಿಸಿಕೊಂಡ ಹೊರೇಸ್ ವಾಲ್‌ಪೋಲನ 1764ರ ಕಾದಂಬರಿಯಲ್ಲೂ ಕೋಟೆಯಲ್ಲಿ ಕೂತವನು ಅದರ ನಿಜವಾದ ವಾರಸುದಾರನಲ್ಲ. ಅಲ್ಲಿ ಭೂತ ಬಂದಿದ್ದೇ, ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಖಾತೆ ಪ್ರಶ್ನೆ ಮಾಡೋಕೆ.

ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ರಿಚ್ಮಂಡ್ ಟೌನ್ ಕಡೆ ಇನ್ನೂ ಅಲ್ಲೊಂದು ಇಲ್ಲೊಂದು ಹಳೇ ಬಂಗಲೆ ಉಳಿದಿದೆ. ಕಿಟಕಿಗೆ ಮಂಕಿ ಟಾಪ್ (ಮರದ ಪಟ್ಟಿಯ ಚೂಪು ಮಾಡು), ಕಾಂಪೌಂಡಿನಲ್ಲಿ ಆಳೆತ್ತರ ಕಳೆ, ಗೇಟಿಗೆ ತುಕ್ಕು ಹಿಡಿದ ಬೀಗ. ಎದುರಿನ ಟೀ ಅಂಗಡಿಯಲ್ಲಿ ಕೇಳಿದರೆ ‘ಅಲ್ಲಿ ದೆವ್ವ ಇದೆಯಂತೆ ಸಾರ್’ ಅನ್ನುತ್ತಾರೆ. ನಾಲ್ಕು ಮನೆ ದಾಟಿ ಹಿರಿಯರನ್ನು ವಿಚಾರಿಸಿದರೆ ‘ಅಣ್ತಮ್ಮಂದಿರ ಕೇಸು, ಕೋರ್ಟಲ್ಲಿದೆ’ ಅನ್ನುತ್ತಾರೆ. ಹೆಚ್ಚು ಹೆದರಿಸುವುದು ಯಾವುದು, ನೀವೇ ಹೇಳಿ. ದೆವ್ವಕ್ಕೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದರೆ ಸಾಕು ಅಂತ ನಂಬಿದ ಊರು ನಮ್ಮದು. ಒಡಹುಟ್ಟಿದವರಿಗೆ ಏನು ಬರೆಯುವುದು? ದೆವ್ವವೇ ಇಲ್ಲ ಅಂತ ಗೊತ್ತಾದ ಕ್ಷಣ ‘ಗ್ಯಾಸ್‌ಲೈಟ್’ನ ಆ ಹೆಂಡತಿಗೆ ಗೊತ್ತಾಗುವುದು ಏನು? ತನ್ನನ್ನು ಹೆದರಿಸಿದವನು ದಿನಾ ಎದುರು ಕೂತು ಊಟ ಮಾಡಿದವನೇ ಅಂತ.

ನೀವು ಬೆಳಕಿನ ಬಗ್ಗೆ ಕೇಳಲಿಲ್ಲ. ಆದರೂ ಬರೆಯುತ್ತೇನೆ, ನನ್ನ ಚಟ. ಬಾಂಬೆ ಟಾಕೀಸಿನ ‘ಮಹಲ್’ (1949) ಕಥೆ ಸ್ವಲ್ಪ ಎಳೆದಾಟವೇ. ಆದರೆ ಅದರ ಕ್ಯಾಮೆರಾ ಹಿಡಿದದ್ದು ಜರ್ಮನಿಯಿಂದ ಬಂದ ಜೋಸೆಫ್ ವಿರ್ಷಿಂಗ್. ಮಧುಬಾಲಾ ಉಯ್ಯಾಲೆಯಲ್ಲಿ ಕಾಣಿಸಿಕೊಳ್ಳುವ ಆ ನೆರಳನ್ನು ನೋಡಿದರೆ ಎಳೆದಾಟ ಮರೆತುಹೋಗುತ್ತದೆ. ‘ದಿ ಇನ್ನೊಸೆಂಟ್ಸ್’ (1961) ಚಿತ್ರಕ್ಕೆ ಸಿನಿಮಾಸ್ಕೋಪೇ ಆಗಬೇಕು ಅಂತ ಸ್ಟುಡಿಯೋ ಹಟ ಹಿಡಿಯಿತು. ಅಷ್ಟು ಅಗಲದಲ್ಲಿ ಭಯ ನಿಲ್ಲುವುದಿಲ್ಲ ಅಂತ ಛಾಯಾಗ್ರಾಹಕ ಫ್ರೆಡಿ ಫ್ರಾನ್ಸಿಸ್ ಫಿಲ್ಟರಿನ ಅಂಚಿಗೆಲ್ಲ ಬಣ್ಣ ಬಳಿದು ಪರದೆಯ ಎರಡೂ ಬದಿ ಕತ್ತಲು ಮಾಡಿದರು. ಒಂದೇ ಮೇಣದಬತ್ತಿಗೆ ಹಲವು ಬತ್ತಿ ಸೇರಿಸಿ ಉರಿಸಿದರು, ಬೆಳಕು ಸಾಲಲಿ ಅಂತ. ‘ದಿ ಹಾಂಟಿಂಗ್’ನಲ್ಲಿ (1963) ಮಾತು ಜಾಸ್ತಿ. ಆದರೆ ಮುಚ್ಚಿದ ಬಾಗಿಲು ಉಸಿರಾಡಿದ ಹಾಗೆ ಉಬ್ಬುವ ದೃಶ್ಯಕ್ಕೆ ಎಲ್ಲ ಮಾಫಿ. ಬಾಗಿಲ ಆಚೆ ಏನಿದೆ ಅಂತ ಕೊನೆಯವರೆಗೂ ತೋರಿಸುವುದಿಲ್ಲ.

ಈ ಸಾಲಿನಲ್ಲಿ ನಮ್ಮವರೊಬ್ಬರು ಇದ್ದಾರೆ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತ ವಿ.ಕೆ. ಮೂರ್ತಿ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. 2014ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಅವರ ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಅನ್ನು ಯಾರೂ ದೆವ್ವದ ಸಿನಿಮಾ ಅನ್ನುವುದಿಲ್ಲ. ಆದರೂ ನೋಡಿ: ಕೆಡವುತ್ತಿರುವ ಹವೇಲಿ, ಮಾಯವಾದ ಸೊಸೆ, ನೆಲ ಅಗೆದಾಗ ಸಿಗುವ ಅಸ್ಥಿಪಂಜರ, ಕೈಯಲ್ಲಿ ಬಳೆ. ಇನ್ನೇನು ಬೇಕು?

ಕನ್ನಡದಲ್ಲಿ ಈ ದಾರಿ ಬೇರೆಯಾಯಿತು. ‘ನಾ ನಿನ್ನ ಬಿಡಲಾರೆ’ (1979) ಚಿತ್ರದಲ್ಲಿ ದೆವ್ವವೂ ನಿಜ, ರಾಯರ ಕೃಪೆಯೂ ನಿಜ. ಅದರ ಮಜಾ ಬೇರೆ. ‘ಆಪ್ತಮಿತ್ರ’ (2004) ಬೀಗ ಹಾಕಿದ ಕೋಣೆಯ ಮುಂದೆ ಮನೋವೈದ್ಯನನ್ನು ನಿಲ್ಲಿಸಿತು. ‘ರಂಗಿತರಂಗ’ದಲ್ಲಿ (2015) ಊರೆಲ್ಲ ಬ್ರಹ್ಮರಾಕ್ಷಸ ಅಂತ ನಡುಗುತ್ತಿದ್ದರೆ ಹಿಂದೆ ಮನುಷ್ಯನ ಕೈ. ಆದರೆ ಅಪ್ಪಟ ಉಯಿಲು, ಅಪ್ಪಟ ಪಾಲುಪಟ್ಟಿ ಇಟ್ಟುಕೊಂಡ ಒಂದು ಬಂಗಲೆ ಕಥೆಯನ್ನು ಗಾಂಧಿನಗರ ಯಾಕೆ ಇನ್ನೂ ಗಟ್ಟಿಯಾಗಿ ಹಿಡಿದಿಲ್ಲವೋ. ಕಥೆಗೇನು ಬರ? ಸಬ್‌ರಿಜಿಸ್ಟ್ರಾರ್ ಕಚೇರಿ ಮುಂದೆ ಅರ್ಧ ದಿನ ನಿಂತರೆ ಮೂರು ಸಿಗುತ್ತವೆ.

ಮಗಳಿಗೆ ಮೂರನೇ ಅವಕಾಶ ಕೊಡುವುದಾದರೆ ‘ದಿ ಸ್ಪೈರಲ್ ಸ್ಟೇರ್‌ಕೇಸ್’ (1946) ತೋರಿಸಿ. ಒಂದೂವರೆ ಗಂಟೆಯೂ ಇಲ್ಲ. ಅದರಲ್ಲಿ ಕೊಲೆಗೆ ಕಾರಣ ಆಸ್ತಿಯಲ್ಲ, ನನ್ನ ವಾದಕ್ಕೆ ಅಡ್ಡ ಬರುವ ಸಿನಿಮಾ. ಆದರೂ ತಡೆಯಲಾರದೆ ಹೇಳುತ್ತಿದ್ದೇನೆ. ನಾಯಕಿಗೆ ಮಾತು ಬರುವುದಿಲ್ಲ. ಹೊರಗೆ ಬಿರುಗಾಳಿ ಮಳೆ, ಕೊಲೆಗಾರ ಮನೆಯೊಳಗೇ ಇದ್ದಾನೆ, ಕೈಯಲ್ಲಿ ಫೋನು ಇದೆ, ಆಚೆ ಕಡೆ ಎಕ್ಸ್‌ಚೇಂಜಿನವರು ನಂಬರು ಕೇಳುತ್ತಿದ್ದಾರೆ. ಏನು ಮಾಡುವುದು? ನಿಮ್ಮ ಫೋನುಗಳನ್ನು ಮಾತ್ರ ಪಕ್ಕದ ಕೋಣೆಯಲ್ಲಿಟ್ಟು ಬನ್ನಿ, ಲೈಟು ಆರಿಸಿ.

ಕೊಲೆಗಾರ ಯಾರು ಅಂತ ಅವಳು ಅರ್ಧಕ್ಕೇ ಊಹಿಸಿಬಿಟ್ಟರೆ, ಹೇಗೆ ಗೊತ್ತಾಯಿತು ಅಂತ ಬರೆದು ಕಳಿಸಲಿ. ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ಅವಳದು. ಕೊಲೆಗಾರನ ಹೆಸರು ಮಾತ್ರ ಬಿಟ್ಟುಕೊಡಬಾರದು.