ಎಷ್ಟು ಇಂಚು, ಎಷ್ಟು ಸೆಂಟು?

ಕೊಡಗಿನ ಸುದ್ದಿಗೆ ಯಾವ ಪೇಪರ್, ಯಾವ ಚಾನೆಲ್ ನಂಬಬಹುದು ಅಂತ ಕೇಳಿದ್ದೀರಿ. ನಾವು ಇಲ್ಲಿ ಹೇಗೆ ತೂಗಿ ನೋಡುತ್ತೇವೆ ಅಂತ ಹೇಳುತ್ತೇನೆ, ಆಮೇಲೆ ನೀವೇ ಆರಿಸಿಕೊಳ್ಳಿ.

ಮೊದಲು ಮಳೆ. ತೋಟದ ಮನೆಗಳಲ್ಲಿ ಅಂಗಳದಲ್ಲೊಂದು ಮಳೆ ಮಾಪಕ ಇರುವುದು ಮಾಮೂಲು. ನಮ್ಮ ಮಾವ ದಿನಾ ಬೆಳಿಗ್ಗೆ ನೀರು ಅಳೆದು ಡೈರಿಯಲ್ಲಿ ಬರೆಯುತ್ತಾರೆ. ಅದೂ ಮಿಲಿಮೀಟರಲ್ಲಿ ಅಲ್ಲ, ಇಂಚು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ. ಸುಮ್ನೆ ಹವ್ಯಾಸಕ್ಕೆ ಬರೆಯುವುದಲ್ಲ. ಮಾರ್ಚ್ ಹೊತ್ತಿಗೆ ಹೂಮಳೆ ಸಾಕಷ್ಟು ಬರದಿದ್ದರೆ ರೊಬಸ್ಟಾ ಕಾಫಿಯ ಮೊಗ್ಗು ಸರಿಯಾಗಿ ಅರಳುವುದಿಲ್ಲ, ಸ್ಪ್ರಿಂಕ್ಲರ್ ಎಳೆಯಬೇಕು, ಡೀಸೆಲ್ ಖರ್ಚು ಬೇರೆ.

ಹಾಗಾಗಿ ಪೇಪರ್ ಬಂದ ಕೂಡಲೇ ಮಾವ ಮಳೆ ಲೆಕ್ಕ ನೋಡಿ ಡೈರಿಗೆ ಹೋಲಿಸುತ್ತಾರೆ. ನಮ್ಮಲ್ಲಿ ಎರಡು ಇಂಚು 35 ಸೆಂಟು, ಪೇಪರಿನಲ್ಲಿ ವಿರಾಜಪೇಟೆಗೆ ಒಂದು ಇಂಚು 80 ಸೆಂಟು ಅಂದರೆ ತಕರಾರಿಲ್ಲ. ಒಂದು ಗುಡ್ಡ ದಾಟಿದರೆ ಮಳೆ ಬೇರೆಯೇ. ಎಲ್ಲ ಕಡೆ ದುಂಡಗೆ "ಐದು ಇಂಚು" ಅಂದರೆ ಮಾತ್ರ ಪೇಪರ್ ಮಡಚಿಡುತ್ತಾರೆ. ಯಾರೂ ಅಳೆದಿಲ್ಲ ಅಂತ ಅವರಿಗೆ ಗೊತ್ತಾಗಿಬಿಡುತ್ತದೆ.

ಎರಡನೆಯದು ಮನೆಹೆಸರು. ಇಲ್ಲಿ ಮನುಷ್ಯನ ಹೆಸರಿಗಿಂತ ಮನೆಹೆಸರು ದೊಡ್ಡದು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯಲ್ಲಿ ತಂಡಗಳೇ ಮನೆಹೆಸರಿನವು. ಗೋಲಿನ ಲೆಕ್ಕ ತಪ್ಪಿದರೆ ನಗುತ್ತಾರೆ. ಮರಣ ವಾರ್ತೆಯಲ್ಲಿ ಮನೆಹೆಸರು ತಪ್ಪಿದರೆ ಆ ಪೇಪರ್ ಆ ಮನೆಗೆ ನಿಂತ ಹಾಗೇ. ಮಡಿಕೇರಿಯಿಂದ 1957ರಿಂದ ಬರುತ್ತಿರುವ 'ಶಕ್ತಿ'ಯಂಥ ಸ್ಥಳೀಯ ಪೇಪರ್ ಇನ್ನೂ ಓಡುತ್ತಿರುವುದು ಇಂಥ ಸಣ್ಣ ಸುದ್ದಿಗಳಿಂದಲೇ ಅಂತ ನನಗನ್ನಿಸುತ್ತದೆ.

ಟಿವಿ ಮೇಲಿನ ನಂಬಿಕೆ ಕಡಿಮೆಯಾದದ್ದು 2018ರ ಆಗಸ್ಟ್‌ನಲ್ಲಿ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿ ಜನ ಸತ್ತರು, ಮನೆ ಹೋಯಿತು. ಅದು ನಿಜ, ಭಯಂಕರವೇ. ಆದರೆ ಒಂದು ಚಾನೆಲ್ ದಿನವಿಡೀ "ಕೊಡಗು ನಿರ್ನಾಮ" ಅಂತಲೇ ಕೂಗಿತು. ಬೆಂಗಳೂರಿನಿಂದ ನಮ್ಮ ಅತ್ತಿಗೆ ಅಳುತ್ತಾ ಫೋನ್ ಮಾಡಿದರು. ನಾವು ವಿರಾಜಪೇಟೆ ಕಡೆಯ ಪೆರುಂಬಾಡಿಯ ಹತ್ತಿರ ಮನೆಯಲ್ಲಿ ಅಕ್ಕಿ ರೊಟ್ಟಿ ತಿನ್ನುತ್ತಿದ್ದೆವು. ನಿಜವಾಗಿ ಬೇಕಾಗಿದ್ದ ಸುದ್ದಿ, ಯಾವ ಊರಿನ ರಸ್ತೆ ಹೋಗಿದೆ, ಯಾವ ಶಾಲೆಯಲ್ಲಿ ಗಂಜಿ ಕೇಂದ್ರ ಇದೆ ಅನ್ನುವುದು, ಅದರಲ್ಲಿ ಎಷ್ಟು ಹೊತ್ತು ನೋಡಿದರೂ ಬರಲಿಲ್ಲ. ಅಂದಿನಿಂದ ನಮ್ಮಲ್ಲಿ ಯಾರಾದರೂ "ಕೊಡಗಲ್ಲಿ ಗುಡ್ಡ ಕುಸಿದಿದೆಯಂತೆ" ಅಂದರೆ ಮೊದಲ ಪ್ರಶ್ನೆ, ಕೊಡಗಲ್ಲಿ ಎಲ್ಲಿ?

ಗಡಿಯಲ್ಲಿರುವ ನಮಗೆ ಇನ್ನೊಂದು ಅನುಕೂಲ ಇದೆ. ಮಾಕುಟ್ಟ ಘಾಟಿ ಇಳಿದರೆ ಕೇರಳದ ಇರಿಟ್ಟಿ. ಮಲಯಾಳಂ ಅರ್ಥವಾಗುವವರು ಅಕ್ಕಪಕ್ಕ ಇದ್ದೇ ಇರುತ್ತಾರೆ. ಘಾಟಿಯಲ್ಲಿ ಮಣ್ಣು ಬಿದ್ದ ಸುದ್ದಿ ಬಂದರೆ ಎರಡೂ ಭಾಷೆಯ ಚಾನೆಲ್ ತಿರುಗಿಸುತ್ತೇವೆ. ಎರಡೂ ಬೇರೆ ಬೇರೆ ಹೇಳಿದರೆ ಪೇಟೆಗೆ ಫೋನ್ ಮಾಡಿ, ಕೆಳಗಿನಿಂದ ಮೀನಿನ ಗಾಡಿ ಬಂತಾ ಅಂತ ಕೇಳುತ್ತೇವೆ. ಬಂದಿದ್ದರೆ ರಸ್ತೆ ಇದೆ.