ಎಲೆ ಬೆಳೆಯಿತು, ಬೆಳ್ಳುಳ್ಳಿ ಗಡ್ಡೆ ಕಟ್ಟಲಿಲ್ಲ

ಪ್ರಶ್ನೆ: ನಮ್ಮ ಓಣಿಯ ಖಾಲಿ ನಿವೇಶನವೊಂದನ್ನು ಅದರ ಮಾಲೀಕರು ತರಕಾರಿ ಬೆಳೆದುಕೊಳ್ಳಲು ನಾಲ್ಕು ಮನೆಯವರಿಗೆ ಹಂಚಿಕೊಟ್ಟಿದ್ದಾರೆ. ಕಳೆದ ಡಿಸೆಂಬರ್ ಕೊನೆಯಲ್ಲಿ ನನ್ನ ಪಾಲಿನ ಜಾಗದಲ್ಲಿ, ಅಡುಗೆಗೆಂದು ಸಂತೆಯಿಂದ ತಂದ ದಪ್ಪ ಎಸಳಿನ ಬೆಳ್ಳುಳ್ಳಿಯನ್ನೇ ನೆಟ್ಟಿದ್ದೆ. ಎಲೆಗಳು ಹಸಿರಾಗಿ ಬಂದವು. ಮಾರ್ಚ್ ಕೊನೆಯಲ್ಲಿ ಕಿತ್ತಾಗ ಕೆಲವು ಈರುಳ್ಳಿ ಸಸಿಯಂತೆ ತೆಳ್ಳಗಿದ್ದವು, ಕೆಲವು ಎಸಳೊಡೆಯದ ಒಂಟಿ ಗುಂಡುಗಳಾಗಿದ್ದವು. ಈ ಹಂಗಾಮಿಗೆ ಏನು ಬದಲಿಸಬೇಕು?
— ಓದುಗರು, ಕೊಪ್ಪಳ

ಉತ್ತರ: ನಿಮ್ಮ ಆರೈಕೆಯಲ್ಲಿ ಕೊರತೆಯಿರಲಿಲ್ಲ; ತಪ್ಪಿದ್ದು ನೆಟ್ಟ ಕಾಲ ಮತ್ತು ಬಹುಶಃ ಬೀಜ. ಬೆಳ್ಳುಳ್ಳಿ ಮೊದಲು ತಂಪಿನಲ್ಲಿ ಎಲೆ ಬೆಳೆಸಿಕೊಳ್ಳುತ್ತದೆ, ಆಮೇಲೆ ಹಗಲು ಉದ್ದವಾಗಿ ಬಿಸಿಲೇರತೊಡಗಿದಾಗ ಎಲೆಗಳಲ್ಲಿ ಕೂಡಿಟ್ಟದ್ದನ್ನು ಗಡ್ಡೆಗೆ ಇಳಿಸುತ್ತದೆ. ಡಿಸೆಂಬರ್ ಕೊನೆಗೆ ನೆಟ್ಟರೆ ನಮ್ಮ ಭಾಗದಲ್ಲಿ ಎಲೆ ತುಂಬಿಕೊಳ್ಳುವ ಮೊದಲೇ ಬೇಸಿಗೆ ಬಂದುಬಿಡುತ್ತದೆ. ಒಂಟಿ ಗುಂಡುಗಳು ಹೀಗೆ ಅವಸರಕ್ಕೆ ಸಿಕ್ಕ ಗಿಡಗಳೇ; ಅವನ್ನು ಎಸೆಯದೆ ಇಟ್ಟಿದ್ದರೆ ಈ ಸಲ ನೆಡಿ, ಎಸಳುಳ್ಳ ಗಡ್ಡೆ ಕೊಡುತ್ತವೆ.

ತೆಳ್ಳಗೇ ಉಳಿದ ಗಿಡಗಳ ಕಾರಣ ಬೇರೆಯಿರಬಹುದು. ಸಂತೆಗೆ ಬರುವ ದಪ್ಪ ಎಸಳಿನ ಬೆಳ್ಳುಳ್ಳಿ ಹಲವು ಸಲ ಬೆಟ್ಟದ ಸೀಮೆಯ ತಳಿಯಾಗಿರುತ್ತದೆ. ಅದಕ್ಕೆ ಉದ್ದ ಹಗಲೂ ತಂಪೂ ಒಟ್ಟಿಗೆ ಬೇಕು. ಕೊಪ್ಪಳದಲ್ಲಿ ಡಿಸೆಂಬರಿನ ಹಗಲು ಹನ್ನೊಂದೂ ಕಾಲು ಗಂಟೆ, ಮಾರ್ಚ್ ಕೊನೆಗೆ ಹನ್ನೆರಡನ್ನು ತುಸು ದಾಟುತ್ತದೆ, ಅಷ್ಟರಲ್ಲಿ ತಂಪು ಮುಗಿದಿರುತ್ತದೆ. ಆದ್ದರಿಂದ ನಮ್ಮ ಬಯಲುಸೀಮೆಯಲ್ಲಿ ಬೆಳೆದು ಉಳಿಸಿಕೊಂಡ ಗಡ್ಡೆಯನ್ನೇ ಬೀಜಕ್ಕೆ ಹುಡುಕಿ. ಪುಣೆ ಬಳಿಯ ರಾಜಗುರುನಗರದ ಈರುಳ್ಳಿ–ಬೆಳ್ಳುಳ್ಳಿ ಸಂಶೋಧನಾ ಸಂಸ್ಥೆಯ ‘ಭೀಮಾ ಪರ್ಪಲ್’ ಕರ್ನಾಟಕಕ್ಕೂ ಶಿಫಾರಸಾದ ತಳಿ. ಅದು ಎಲ್ಲಿ ಸಿಗಬಹುದೆಂದು ಮುನಿರಾಬಾದಿನ ತೋಟಗಾರಿಕಾ ಕಾಲೇಜಿನಲ್ಲಿ ವಿಚಾರಿಸಬಹುದು.

ಚಿತ್ತಾ ಮಳೆಯ ಹಸಿ ಆರಿ ಮಣ್ಣು ಪುಡಿಯಾಗುವಂತಾದಾಗ, ಅಂದರೆ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮೊದಲ ವಾರದೊಳಗೆ ನೆಟ್ಟು ಮುಗಿಸಿ. ನಿಮ್ಮದು ಮಸಾರಿ (ಕೆಂಪು) ಮಣ್ಣಾಗಿದ್ದರೆ ಅನುಕೂಲ. ಎರೆ ಮಣ್ಣಾದರೆ ಅರ್ಧ ಅಡಿ ಎತ್ತರದ ಏರುಮಡಿ ಮಾಡಲೇಬೇಕು, ಏಕೆಂದರೆ ಹಿಂಗಾರಿನ ಒಂದು ಜೋರು ಮಳೆಗೆ ನೀರು ನಿಂತರೂ ಎಸಳು ಕೊಳೆಯುತ್ತದೆ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಮಡಿಗೆ ಎಂಟು–ಹತ್ತು ಕಿಲೊ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಸಾಲಿನಿಂದ ಸಾಲಿಗೆ 15 ಸೆಂಟಿಮೀಟರ್, ಎಸಳಿನಿಂದ ಎಸಳಿಗೆ 10 ಸೆಂಟಿಮೀಟರ್ ಬಿಟ್ಟರೆ ಸುಮಾರು 240 ಎಸಳು ಹಿಡಿಯುತ್ತವೆ. ಗಡ್ಡೆಯನ್ನು ನೆಡುವ ದಿನವೇ ಬಿಡಿಸಿ, ಹೊರಸುತ್ತಿನ ದಪ್ಪ ಎಸಳುಗಳನ್ನಷ್ಟೇ ಆರಿಸಿಕೊಂಡು, ಸಿಪ್ಪೆ ಸುಲಿಯದೆ, ಚೂಪು ತುದಿ ಮೇಲಾಗುವಂತೆ ಎರಡು ಇಂಚು ಆಳಕ್ಕೆ ಊರಿರಿ. ಒಳಗಿನ ಸಣ್ಣ ಎಸಳು ಒಗ್ಗರಣೆಗಿರಲಿ.

ನಿಮ್ಮ ಕೊಳವೆಬಾವಿಯ ನೀರು ಉಪ್ಪಾಗಿದ್ದರೆ ಮಳೆನೀರನ್ನು ಕೂಡಿಸಿಟ್ಟು ಮೊದಲ ತಿಂಗಳಾದರೂ ಅದನ್ನು ಹಾಯಿಸಲು ಪ್ರಯತ್ನಿಸಿ, ಉಪ್ಪನ್ನು ಬೆಳ್ಳುಳ್ಳಿ ಸಹಿಸುವುದಿಲ್ಲ. ಎಲೆಯ ಮೇಲೆ ಬಿಳಿ ಗೀರುಗಳು ಕಂಡರೆ ಅದು ಥ್ರಿಪ್ಸ್ ನುಸಿ. ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಬೆರೆಸಿ, ಎಲೆಯ ಕಂಕುಳಿಗೆ ತಾಕುವಂತೆ ಸಂಜೆ ಸಿಂಪಡಿಸಿ. ಜನವರಿಯಲ್ಲಿ ಗವಿಮಠದ ಜಾತ್ರೆಯ ಹೊತ್ತಿಗೆ ಬುಡ ಉಬ್ಬತೊಡಗಿರಬೇಕು, ಆಮೇಲೆ ಯೂರಿಯಾ ಕೊಡಬೇಡಿ, ಕೊಟ್ಟರೆ ಗಡ್ಡೆ ಬಿಟ್ಟು ಎಲೆ ಮತ್ತೆ ಚಿಗುರುತ್ತದೆ. ಎಲೆಗಳು ಹಳದಿಯಾಗಿ ಬಾಗತೊಡಗಿದಾಗ ನೀರು ನಿಲ್ಲಿಸಿ, ಎರಡು ವಾರ ಕಳೆದ ಮೇಲೆ ಕಿತ್ತು, ಎಲೆಸಹಿತ ನೆರಳಿನಲ್ಲಿ ಒಣಗಿಸಿ. ಅದರಲ್ಲಿ ಅತ್ಯಂತ ದಪ್ಪನೆಯ ಮೂವತ್ತು ಗಡ್ಡೆಗಳನ್ನು ಅಡುಗೆಮನೆಗೆ ಕೊಡದೆ ಮುಂದಿನ ವರ್ಷದ ಬೀಜಕ್ಕೆ ತೆಗೆದಿಡಿ.