ಎರಡೇ ಮಾತಿನ ಪ್ರಾರ್ಥನೆ ಸಾಕೇ?

ಪ್ರಾರ್ಥನಾ ಕೂಟದಲ್ಲಿ ಉಳಿದವರು ಹತ್ತು ನಿಮಿಷ ನಿರರ್ಗಳವಾಗಿ ಪ್ರಾರ್ಥಿಸುತ್ತಾರೆ, ನನ್ನ ಸರದಿ ಬಂದಾಗ ಎರಡು ಮಾತಿಗೇ ನಾಲಿಗೆ ಕಟ್ಟಿಹೋಗುತ್ತದೆ, ದೇವರಿಗೆ ಇಷ್ಟು ಸಾಕೇ ಎಂದು ಕೇಳಿದ್ದೀರಿ. ಸಾಕು. ಇದನ್ನು ನನಗೆ ಕಲಿಸಿದವರು ನಮ್ಮ ಅಜ್ಜಿ.

ಅವರು ಹಾಸನದ ಹತ್ತಿರದ ಶೆಟ್ಟಿಹಳ್ಳಿಯವರು. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಅಲ್ಲಿನ ರೋಸರಿ ಚರ್ಚ್‌ನ ಚಿತ್ರವನ್ನು ನೀವೂ ನೋಡಿರಬಹುದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ, ಮಳೆಗಾಲದಲ್ಲಿ ಹಿನ್ನೀರು ಏರಿ ಅದರ ಗೋಡೆಗಳು ಅರ್ಧ ಮುಳುಗುತ್ತವೆ, ಬೇಸಿಗೆಯಲ್ಲಿ ಮತ್ತೆ ತಲೆ ಎತ್ತುತ್ತವೆ. ಪ್ರವಾಸಿಗರು ದೋಣಿ ಹತ್ತಿ ಫೋಟೊ ತೆಗೆಯುತ್ತಾರೆ. ಅಜ್ಜಿ ಮದುವೆಯಾದದ್ದು ಆ ಗೋಡೆಗಳ ನಡುವೆ. ಅವರ ಹೊಲ, ಮನೆ ಎರಡೂ ನೀರಿನಡಿ ಹೋದವು. ಬೇರೆ ಊರಿಗೆ ಬಂದ ಮೇಲೆ ರಾತ್ರಿ ಜಪಸರ ಮುಗಿಸಿ, ದೀಪ ಆರಿಸುವ ಮುನ್ನ, ತಮ್ಮದೇ ಮಾತಿನಲ್ಲಿ ಏನಾದರೂ ಹೇಳಿಕೊಳ್ಳುತ್ತಿದ್ದರು. ಒಮ್ಮೆ ನನ್ನ ಕಿವಿಗೆ ಬಿತ್ತು: "ಸ್ವಾಮೀ, ನಿನ್ನ ಮನೆಯೂ ನೀರಿಗೆ ಹೋಯಿತು, ನನ್ನದೂ ಹೋಯಿತು. ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ನಾಳೆ ಬರುತ್ತೇನೆ." ಮರುದಿನ ರಾತ್ರಿ ಅದೇ ಜಾಗದಲ್ಲಿ ಮಂಡಿಯೂರಿದ್ದರು.

ದೇವರ ಮುಂದೆ ಸಿಟ್ಟನ್ನು ಒಪ್ಪಿಕೊಳ್ಳುವುದು ಅಪರಾಧವೆಂದು ಹೇಳುವವರಿದ್ದಾರೆ. ಅವರು ಬೈಬಲಿನ 88ನೇ ಕೀರ್ತನೆಯನ್ನು ಓದಲಿ. ಅದು ಸಮಾಧಾನದಲ್ಲಿ ಮುಗಿಯುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ಪವಿತ್ರ ಗ್ರಂಥದಲ್ಲಿದೆ. ಅದೇ ಗ್ರಂಥದಲ್ಲಿ ಮಗುವಿಗಾಗಿ ಬೇಡಿಕೊಳ್ಳುತ್ತಿದ್ದ ಹನ್ನಳ ತುಟಿ ಅಲುಗುತ್ತಿತ್ತೇ ಹೊರತು ದನಿ ಕೇಳಿಸುತ್ತಿರಲಿಲ್ಲ. ಯಾಜಕ ಏಲಿ ಅವಳು ಕುಡಿದಿದ್ದಾಳೆಂದೇ ತಿಳಿದ. ನೀರಿನಲ್ಲಿ ಮುಳುಗುತ್ತಿದ್ದ ಯೇಸುವಿನ ಶಿಷ್ಯ ಪೇತ್ರನಿಗೆ "ಸ್ವಾಮೀ, ಕಾಪಾಡು" ಎನ್ನುವುದಕ್ಕಷ್ಟೇ ಉಸಿರಿತ್ತು. ಲೂಕನ ಸುವಾರ್ತೆಯ ಸುಂಕದವನು ದೂರದಲ್ಲೇ ನಿಂತು, ತಲೆ ಎತ್ತಲೂ ಧೈರ್ಯವಿಲ್ಲದೆ, ಪಾಪಿಯಾದ ನನ್ನನ್ನು ಕರುಣಿಸು ಎಂದ. ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಅವನೇ, ಅಲ್ಲೇ ನಿಂತು ತನ್ನ ಉಪವಾಸಗಳ ಲೆಕ್ಕ ಒಪ್ಪಿಸಿದ, ಕಟ್ಟುನಿಟ್ಟಿನ ಧರ್ಮನಿಷ್ಠನಾದ ಫರಿಸಾಯನಲ್ಲ.

ಕಲಿತ ಪ್ರಾರ್ಥನೆಗಳನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಬಾಯಿಪಾಠದ ಮಾತುಗಳೇ ಎಷ್ಟೋ ರಾತ್ರಿ ನನ್ನ ಕೈಹಿಡಿದು ನಡೆಸಿವೆ. ಆದರೆ ಮತ್ತಾಯನ 6ನೇ ಅಧ್ಯಾಯವನ್ನು ಗಮನಿಸಿ: ಬಹಳ ಮಾತಾಡಿದರೆ ದೇವರು ಕೇಳುತ್ತಾನೆಂದು ಎಣಿಸಬೇಡಿ ಎಂದು ಹೇಳಿದ ಬೆನ್ನಿಗೇ ಯೇಸು "ಪರಲೋಕದಲ್ಲಿರುವ ನಮ್ಮ ತಂದೆಯೇ" ಕಲಿಸಿದರು. ಅರ್ಧ ನಿಮಿಷದಲ್ಲಿ ಮುಗಿಯುವ ಆ ಪ್ರಾರ್ಥನೆಯಲ್ಲಿ ಈ ದಿನದ ಊಟವನ್ನು ಕೇಳುವುದಕ್ಕೂ ಜಾಗವಿದೆ.

ನನ್ನ ಮಗ ಜ್ವರದಿಂದ ಆಸ್ಪತ್ರೆಯಲ್ಲಿದ್ದ ರಾತ್ರಿ ನನಗೆ ಜಪಸರದ ಮಣಿಗಳೂ ಲೆಕ್ಕ ತಪ್ಪಿದವು. ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತು "ತಂದೆಯೇ, ನನಗೆ ಭಯವಾಗುತ್ತಿದೆ" ಎಂದೆ. ಮತ್ತೇನೂ ಹೊಳೆಯಲಿಲ್ಲ. ಭಯ ಹೋಗಲಿಲ್ಲ, ಆದರೆ ಅದನ್ನು ಒಬ್ಬನೇ ಹೊತ್ತಿದ್ದೇನೆ ಎನ್ನುವುದು ಹೋಯಿತು.

ಮುಂದಿನ ಕೂಟದಲ್ಲಿ ನಿಮ್ಮ ಸರದಿ ಬಂದಾಗ ಪಕ್ಕದವರ ಮಾತುಗಳನ್ನು ಎರವಲು ತರಬೇಡಿ. ನಿಮಗೆ ನಿಜವಾಗಿ ಬೇಕಾದದ್ದನ್ನು ಹೇಳಿ, ಆಮೆನ್ ಎಂದು ಕೂತುಬಿಡಿ.